ರೆಸ್ಯೂಮಿನಲ್ಲಿ ಎಮ್ಮೆ ಸತ್ತ ಬಗ್ಗೆ

ಇಂದ,
ಅಂಜನಾ ತಂದೆ ಸುಂಕಪ್ಪ,
ಬಿ.ಎ. ಅಂತಿಮ ವರ್ಷ,
ಕರೂರು, ಸಿರುಗುಪ್ಪ ತಾಲ್ಲೂಕು.

ಗೆ,
ಶ್ರೀ ವಿರೂಪಾಕ್ಷಿ ಸರ್,
ಅತಿಥಿ ಉಪನ್ಯಾಸಕರು ಹಾಗೂ ಉದ್ಯೋಗ ಕೋಶದ ಉಸ್ತುವಾರಿ,
ನಮ್ಮ ಕಾಲೇಜು, ಬಳ್ಳಾರಿ.

ವಿಷಯ: ನನ್ನ ರೆಸ್ಯೂಮಿನಿಂದ ಕಷ್ಟಗಳನ್ನು ತೆಗೆದುಹಾಕಿದ್ದು, ಇಂಟರ್‌ವ್ಯೂ ಪಟ್ಟಿಗೆ ಹೆಸರು ಸೇರಿಸುವ ಬಗ್ಗೆ.

ಉಲ್ಲೇಖ: 1) ತಾವು ಮೂರು ಸಲ ವಾಪಸ್ ಕೊಟ್ಟ ರೆಸ್ಯೂಮ್.
2) ಮೂರನೇ ಸಲ ತಾವು ಹಣೆ ಬಡಿದುಕೊಂಡದ್ದು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಜೀನ್ಸ್ ಕಾರ್ಖಾನೆಯೊಂದರ ಆಫೀಸ್ ಸಹಾಯಕಿ ಕೆಲಸಕ್ಕೆ ಬರುವ ಗುರುವಾರ ಇಂಟರ್‌ವ್ಯೂ ಇರುತ್ತದೆ. ತಾವು ಒಪ್ಪಿದ ರೆಸ್ಯೂಮಿನವರಿಗೆ ಮಾತ್ರ ಹೋಗಲು ಅವಕಾಶ. ನನ್ನದನ್ನು ತಾವು ಒಪ್ಪಿರುವುದಿಲ್ಲ. ಕಾರಣ, ಈ ವಿವರಣೆ.

1. ನಮ್ಮ ಓಣಿಯಲ್ಲಿ ಪೆನ್ನು ಹಿಡಿಯುವವಳು ನಾನೊಬ್ಬಳೇ. ಎಂಟನೇ ಕ್ಲಾಸಿನಿಂದ ರೇಷನ್ ಕಾರ್ಡು, ವೃದ್ಧಾಪ್ಯ ವೇತನ, ನಳದ ನೀರು, ಎಲ್ಲದರ ಅರ್ಜಿಯನ್ನೂ ಬರೆದಿರುತ್ತೇನೆ. ಇಂಥ ಅರ್ಜಿಯಲ್ಲಿ ಇದ್ದದ್ದನ್ನು ಮುಚ್ಚಬೇಕು, ಇಲ್ಲದ್ದನ್ನು ಎತ್ತಿ ತೋರಿಸಬೇಕು. ರೆಸ್ಯೂಮಿನಲ್ಲಿ ಇದು ಉಲ್ಟಾ ಎಂದು ಯಾರೂ ಹೇಳಿರಲಿಲ್ಲ.

2. ಆದ್ದರಿಂದ ಮೊದಲ ರೆಸ್ಯೂಮಿನಲ್ಲಿ ಅನುಭವ ಎಂಬಲ್ಲಿ "ಇಲ್ಲ, ಬೇರೆ ಆಧಾರವೂ ಇಲ್ಲ" ಎಂದೂ, ಸಾಮರ್ಥ್ಯ ಎಂಬಲ್ಲಿ "ಬಡತನ ರೇಖೆಗಿಂತ ಕೆಳಗೆ" ಎಂದೂ, ಬಲ್ಲ ಭಾಷೆಗಳು ಎಂಬಲ್ಲಿ "ಕನ್ನಡ, ತೆಲುಗು, ಆದರೂ ಅನಕ್ಷರಸ್ಥೆ" ಎಂದೂ ಕೈ ತಾನಾಗಿಯೇ ಬರೆದಿರುತ್ತದೆ. ಕೊನೆಗೆ ಹೆಬ್ಬೆಟ್ಟು ಒತ್ತಿದ್ದೂ ರೂಢಿಯಿಂದಲೇ. ಬಿ.ಎ. ಓದುವವಳು ಅನಕ್ಷರಸ್ಥೆ ಹೇಗೆ ಎಂದು ತಾವು ಕೇಳಿದ್ದು ನ್ಯಾಯವೇ.

3. "ಏನವ್ವಾ, ಇದು ರೆಸ್ಯೂಮ್ ಐತೋ, ವಿಧವಾ ವೇತನದ ಅರ್ಜಿ ಐತೋ? ಚಲೋದು ಬರ್ಕೊಂಡು ಬಾ" ಎಂದಿರಿ. ಬರೆದೆ: ಚುರುಕು, ಶಿಸ್ತು, ನಾಯಕತ್ವ. ಮನೆಯಲ್ಲಿ ಓದಿ ತೋರಿಸಿದ್ದೇ ತಪ್ಪಾಯಿತು. ಅಜ್ಜಿ ಪಾರಮ್ಮ ಎದ್ದೇ ಕೂತಳು.

"ಲೇ ಅಂಜಿ, ಹಿಂಗ ಬರದ್ರ ಈಕಿಗೆ ಎಲ್ಲಾ ಐತಿ, ಮತ್ಯಾಕ ಕೊಡಬೇಕು ಅಂತ ಹರದು ಒಗಿತಾರ! ನನ್ನ ಮಂಡಿನೋವು ಹಾಕು. ಎಮ್ಮಿ ಸತ್ತಿದ್ದು ಹಾಕು."

ಹಿರಿಯರ ಮಾತು ಮೀರಲಾಗದ ಕಾರಣ ಎರಡನ್ನೂ ಹಾಕಿದೆ. ತಾವು ಎಮ್ಮೆಯ ಮೇಲೆ ಕೆಂಪು ಗೆರೆ ಎಳೆದಿರಿ. ಅಜ್ಜಿಗೆ ತಮ್ಮ ಮೇಲೆ ಇನ್ನೂ ಸಿಟ್ಟಿರುತ್ತದೆ.

4. ಮೂರನೇ ಸಲ ಅನುಭವದ ಜಾಗ ಖಾಲಿ ಬಿಟ್ಟೆ. "ಏನರ ಕೆಲಸ ಮಾಡಿರಬೇಕಲಾ?" ಎಂದಿರಿ. ಮಾಡಿದ್ದೇನೆ. ಹೋದ ವರ್ಷ ಒಂದೇ ಒಂದು ದಿನ ಭತ್ತದ ನಾಟಿಗೆ ಹೋಗಿದ್ದೆ. ನಾನು ನೆಟ್ಟದ್ದನ್ನೆಲ್ಲ ಪಕ್ಕದ ಸಾಲಿನಲ್ಲಿದ್ದ ನಮ್ಮ ಓಣಿಯ ಸತ್ಯಮ್ಮತ್ತೆ ಕಿತ್ತು ಮತ್ತೆ ನೆಟ್ಟಿರುತ್ತಾಳೆ. ಅದನ್ನು ಅನುಭವ ಎಂದು ಬರೆದರೆ ಆಕೆ ಬಳ್ಳಾರಿಗೇ ಬಂದು ಜಗಳ ತೆಗೆಯುತ್ತಾಳೆ. ಗುರುವಾರದ ಕೆಲಸ ಸಿಗದಿದ್ದರೆ ಶುಕ್ರವಾರದಿಂದ ಅದೇ ಗದ್ದೆಗೆ ಇಳಿ ಎಂದು ಅಪ್ಪ ಹೇಳಿಯಾಗಿದೆ. ನನಗೆ ಈ ಕೆಲಸ ಬೇಕೇ ಬೇಕು ಸರ್. ಭತ್ತದ ಹಿತದೃಷ್ಟಿಯಿಂದಲೂ ಬೇಕು.

5. ನಿನ್ನೆ ಸಿರುಗುಪ್ಪ ಬಸ್ಸಿನಲ್ಲಿ ನಿಂತುಕೊಂಡೇ ಯೋಚಿಸಿದೆ. ಇಷ್ಟು ವರ್ಷ ಊರಿನವರ ಅರ್ಜಿ ಬರೆದದ್ದು, ಆಫೀಸಿಗೆ ಅಲೆದದ್ದು, ಬೈಸಿಕೊಂಡದ್ದು ಕೆಲಸವಲ್ಲವೇ? ಅನುಭವವಲ್ಲವೇ? ಈಗ ಅದನ್ನೇ ಬರೆದಿರುತ್ತೇನೆ. ಇದಕ್ಕೆ ಪುರಾವೆ ಬೇಕು. ಓಣಿಯವರದೆಲ್ಲ ಹೆಬ್ಬೆಟ್ಟು. ನಾನು ಅರ್ಜಿ ಬರೆದುಕೊಟ್ಟವರಲ್ಲಿ ಸಹಿ ಮತ್ತು ಸೀಲು ಎರಡೂ ಇರುವವರು ಒಬ್ಬರೇ. ಹೋದ ಜೂನಿನಲ್ಲಿ ಅವರು ತಮ್ಮ ಅತಿಥಿ ಉಪನ್ಯಾಸಕ ಕೆಲಸ ಮುಂದುವರಿಸಲು ಕೋರಿ ನನ್ನಿಂದ ಅರ್ಜಿ ಬರೆಸಿದ್ದರು. "ಕರುಳು ಚುರುಕ್ ಅನ್ನಂಗ ಬರಿಯವ್ವಾ" ಎಂದಿದ್ದರು. ಬರೆದೆ. ಮಂಜೂರಾಯಿತು. ಅವರು ತಾವೇ.

ಆದ್ದರಿಂದ, ಲಗತ್ತಿಸಿದ ಅನುಭವ ಪ್ರಮಾಣಪತ್ರಕ್ಕೆ ಸಹಿ ಮಾಡಿ, ಗುರುವಾರದ ಪಟ್ಟಿಗೆ ನನ್ನ ಹೆಸರು ಸೇರಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಅಂಜನಾ
(ಈ ಸಲ ಸಹಿ)

ಲಗತ್ತುಗಳು:
1) ರೆಸ್ಯೂಮ್, ನಾಲ್ಕನೆಯದು, ಎಮ್ಮೆ ರಹಿತ.
2) ಅನುಭವ ಪ್ರಮಾಣಪತ್ರ. ತಮಗೆ ತೊಂದರೆಯಾಗದಿರಲೆಂದು ನಾನೇ ಬರೆದಿದ್ದು, ಸಹಿಯ ಜಾಗ ಮಾತ್ರ ಖಾಲಿ.
3) ತಮ್ಮ ಜೂನ್ ಅರ್ಜಿಯ ನಕಲು. ಯಾರಿಗೂ ತೋರಿಸಿರುವುದಿಲ್ಲ.

ವಿ.ಸೂ.: ಮುಂದಿನ ಜೂನಿಗೆ ತಾವು ಮತ್ತೆ ಅರ್ಜಿ ಹಾಕಬೇಕಾಗುತ್ತದೆ. ನನಗೆ ಕೆಲಸ ಸಿಕ್ಕಲ್ಲಿ ಭಾನುವಾರ ಮಾತ್ರ ಬಿಡುವು. ಕಾರಣ, ಮುಂಚಿತವಾಗಿ ತಿಳಿಸಬೇಕಾಗಿ ವಿನಂತಿ.