ಗೆರೆಯಿಲ್ಲದ ಸುಡೋಕುವಿಗೆ ನಾಲ್ಕು ವಾರದ ಗಡುವು

ಜಮೀನು ಅಳೆಯುವವರ ಬದುಕಿನಲ್ಲಿ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ಆದರೆ ನಡೆಯುವ ಹೊತ್ತಿಗೆ ನಗುವಂತಿಲ್ಲ, ಬದುವಿನ ಎರಡೂ ಕಡೆಯವರ ಕೈಯಲ್ಲಿ ಕೊಡಲಿ ಇರುತ್ತದೆ. ಹಾಗಾಗಿ ನಾನು ನಗುವನ್ನು ಕಟ್ಟಿಕೊಂಡು ಬಂದು ಬೀದರಿನ ಮೈಲೂರು ಬಡಾವಣೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ನಗುತ್ತೇನೆ.

ನಾನು ಲೈಸೆನ್ಸ್ ಸರ್ವೇಯರ್. ಭಾಲ್ಕಿ, ಔರಾದ ಕಡೆಯ ಹೊಲಗಳಲ್ಲಿ ಹದಿನೈದು ವರ್ಷ ಅಲೆದಿದ್ದೇನೆ. ನನ್ನ ಸಹಿ ಇರುವ ಕಾಗದ ನೋಡಿದರೆ ಇಬ್ಬರಲ್ಲಿ ಒಬ್ಬರು ಮುಖ ಸಿಂಡರಿಸುವುದು ಖಂಡಿತ. ಒಮ್ಮೊಮ್ಮೆ ಇಬ್ಬರೂ ಸಿಂಡರಿಸುತ್ತಾರೆ. ನನ್ನ ಹೆಸರಿನ ಒಂದು ಕಾಗದವನ್ನಾದರೂ ಜನ ಖುಷಿಯಿಂದ ಕೈಗೆತ್ತಿಕೊಳ್ಳಲಿ ಎಂದು ನನಗೆ ಬಹಳ ಆಸೆಯಿತ್ತು.

ಆ ಆಸೆಗೆ ಸಿಕ್ಕ ದಾರಿ ಸುಡೋಕು. ಎಲ್ಲರೂ ಬಿಡಿಸುವಂಥದ್ದಲ್ಲ. ಎಂಬತ್ತೊಂದು ಚೌಕಗಳಿರುತ್ತವೆ, ಅಡ್ಡಸಾಲು ಉದ್ದಸಾಲುಗಳಲ್ಲಿ ಒಂದರಿಂದ ಒಂಬತ್ತು ಬರಬೇಕು, ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಒಳಗಿನ ಒಂಬತ್ತು ಭಾಗಗಳ ದಪ್ಪ ಗೆರೆಗಳೇ ಇರುವುದಿಲ್ಲ. ಆಕಾರ ಹೇಗೇ ಇರಲಿ, ಒಂದಕ್ಕೊಂದು ತಾಗಿದ ಒಂಬತ್ತು ಚೌಕ ಸೇರಿ ಒಂದು ಭಾಗ, ಆ ಭಾಗದಲ್ಲಿ ಯಾವ ಅಂಕೆಯೂ ಎರಡು ಸಲ ಬರುವಂತಿಲ್ಲ. ಕೊಟ್ಟಿರುವ ಅಂಕೆಗಳನ್ನು ನೋಡಿ ಗಡಿಯನ್ನು ನಾವೇ ಕಂಡುಹಿಡಿಯಬೇಕು. ಬಾಂದು ಕಲ್ಲು ಕಳೆದ ಹೊಲ ಅಳೆದ ಹಾಗೆ, ಕೊಡಲಿ ಮಾತ್ರ ಇಲ್ಲ.

ನಾನೇ ಕೂತು ಅಂಥ ಒಗಟುಗಳನ್ನು ಕಟ್ಟಿ, ಬೀದರಿನ ಒಂದು ಸಣ್ಣ ವಾರಪತ್ರಿಕೆಯ ಸಂಪಾದಕರ ಮುಂದಿಟ್ಟೆ. ಅವರು ಕನ್ನಡಕ ಹಣೆಗೆ ಏರಿಸಿ, ಕಾಗದವನ್ನು ಉದ್ದಕ್ಕೂ ಅಡ್ಡಕ್ಕೂ ತಿರುಗಿಸಿ ನೋಡಿದರು.

"ನಾಲ್ಕು ವಾರ ಹಾಕ್ತೇನ್ರಿ ಮೇಡಂ. ಅಷ್ಟರಾಗ ಒಬ್ಬರರೆ ಪೂರಾ ಬಿಡಿಸಿ ಕಳಸಬೇಕು. ಇಲ್ಲಂದ್ರ ಆ ಜಾಗ ರಾಶಿಭವಿಷ್ಯಕ್ಕ. ಜ್ಯೋತಿಷಿಗಳು ಆರು ತಿಂಗಳಿಂದ ಕೇಳ್ಲಕತ್ತಾರ."

ಇಡೀ ಜಿಲ್ಲೆಯಲ್ಲಿ ಒಬ್ಬರು ಸಿಗುವುದಿಲ್ಲವೇ ಎಂದುಕೊಂಡು ಎದೆ ಸೆಟೆಸಿ ಹೊರಗೆ ಬಂದೆ.

ಮೊದಲನೇ ವಾರ

ಭಾನುವಾರ ಪತ್ರಿಕೆ ಕೈಗೆ ಬಂತು. ಚಹಾ ಪಕ್ಕಕ್ಕಿಟ್ಟು ಪುಟ ತೆರೆದೆ. ನನ್ನ ಹೆಸರು ಇತ್ತು, ಒಗಟೂ ಇತ್ತು. ಅದರ ಮೇಲೆ ಮೂರು ಮೂರು ಚೌಕಕ್ಕೊಂದರಂತೆ ಅಚ್ಚುಕಟ್ಟಾದ ದಪ್ಪ ಗೆರೆಗಳೂ ಇದ್ದವು!

ಚಹಾ ಆರುವ ಮೊದಲೇ ಫೋನ್‌ಗಳು ಶುರುವಾದವು. "ಮೇಡಂ, ನೀವು ಕೊಟ್ಟಿದ್ದರಾಗೇ ಒಂದು ಮನ್ಯಾಗ ಎರಡು ಏಳು ಕುಂತಾವಲ್ರಿ, ನಾವು ಏನು ತುಂಬಬೇಕು?"

ಕಚೇರಿಗೆ ಓಡಿಹೋಗಿ ನೋಡಿದರೆ ಪತ್ರಿಕೆಯ ಪುಟ ಕಟ್ಟುವ ಚಾಚಾ ಹೊಸ ಕಂಪ್ಯೂಟರ್ ಒರೆಸುತ್ತ ಕೂತಿದ್ದರು. ಮೂವತ್ತು ವರ್ಷ ಪುಟ ಕಟ್ಟಿದ ಕೈ, ತಪ್ಪು ಕಂಡರೆ ತಿದ್ದದೆ ಬಿಡದು.

"ಬೇಟಾ, ನೀ ಕಳಿಸಿದ್ದರಾಗ ಒಳಗಿನ ಲೈನ್ ಎಲ್ಲಾ ಛೂಟ್ ಆಗಿದ್ವು. ಸಂಪಾದಕರಿಗೆ ಹೇಳಿದ್ರ ನಿನ್ನ ಬೈತಾರಂತ ಗಪ್‌ಚುಪ್ ನಾನೇ ಹಾಕೀನಿ," ಎಂದರು.

"ಚಾಚಾ, ಓದೋರು ಆ ಗೆರಿನೇ ಹುಡುಕಬೇಕಿತ್ರಿ!"

ಚಾಚಾ ಬಟ್ಟೆ ಕೆಳಗಿಟ್ಟು ನನ್ನನ್ನು ಪ್ರೀತಿಯಿಂದ ನೋಡಿದರು. "ಇನ್ನ ಹುಡುಕೋದು ಯಾಕ ಬೇಟಾ? ಸಿಕ್ಕಾವಲ್ಲ!"

ಎರಡನೇ ವಾರ

ಈ ಸಲ ಗೆರೆಗಳಿಲ್ಲದೆಯೇ ಅಚ್ಚಾಯಿತು. ಬುಧವಾರ ಔರಾದ ಕಡೆ ಅಣ್ಣತಮ್ಮಂದಿರಿಬ್ಬರ ಬದು ಅಳೆಯಲು ಹೋಗಿದ್ದೆ. ಇಬ್ಬರ ನಡುವೆ ಮಾತುಕತೆ ನಿಂತು ಎಷ್ಟೋ ಕಾಲವಾಗಿತ್ತು. ಅಳತೆ ಮುಗಿಯಿತು, ಇಬ್ಬರೂ ಒಪ್ಪಿದರು. ನಾನು ಬ್ಯಾಗು ಹೆಗಲಿಗೇರಿಸುವಷ್ಟರಲ್ಲಿ ಅಣ್ಣ ಜೇಬಿನಿಂದ ನಮ್ಮ ಪತ್ರಿಕೆಯ ತುಂಡು ತೆಗೆದ.

"ಮೇಡಂ, ಇದೊಂದು ಗಡಿ-ಹದ್ದು ಹೇಳಿ ಹೋಗ್ರಿ. ನಡುವಿನ ಐದು ನನ್ನ ಭಾಗಕ್ಕ ಬರ್ತದ."

ತಮ್ಮನೂ ತನ್ನ ತುಂಡು ತೆಗೆದ. "ಅದು ಹ್ಯಾಂಗ ಬರ್ತದ? ಐದು ನನ್ನ ಕಡಿ ಅದ!"

ಆನಂದಕ್ಕೆ ನನಗೆ ಕಣ್ಣು ತುಂಬಿ ಬಂತು. ಬದ್ಧವೈರಿಗಳಿಬ್ಬರೂ ನನ್ನದೇ ಒಗಟಿಗೆ ತಲೆ ಕೆಡಿಸಿಕೊಂಡಿದ್ದರು! ಆದರೆ ಕಟ್ಟಿದವಳೇ ಉತ್ತರ ಹೇಳುವುದು ಧರ್ಮವಲ್ಲ. "ನೀವಿಬ್ಬರೂ ಕೂಡಿ ಕುಂತು ವಿಚಾರ ಮಾಡ್ರಿ. ಇನ್ನೇನು, ಸನೇಕ ಬಂದೀರಿ," ಎಂದು ಹುರಿದುಂಬಿಸಿ ಬಸ್ ಹತ್ತಿದೆ.

ಶುಕ್ರವಾರ ಸಂಪಾದಕರು ಕರೆಸಿದರು. ಮೇಜಿನ ಮೇಲೆ ಔರಾದ ಕಡೆಯ ಲಕೋಟೆ. ಎಂಬತ್ತು ಚೌಕ ತುಂಬಿತ್ತು. ನಡುವಿನ ಚೌಕಕ್ಕೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಎರಡು ಮಾಡಿದ್ದರು. ಜೊತೆಗೊಂದು ಪಂಚನಾಮೆ: "ಊರ ಪಂಚರ ಸಮಕ್ಷಮ ವಿಚಾರಣೆ ಮಾಡಲಾಗಿ, ಸದರಿ ಐದನ್ನು ಅಣ್ಣನಿಗೆ ಎರಡೂವರೆ, ತಮ್ಮನಿಗೆ ಎರಡೂವರೆಯಂತೆ ಹಂಚಲಾಗಿದೆ. ಉಭಯತರೂ ಒಪ್ಪಿರುತ್ತಾರೆ."

ಕೆಳಗೆ ಐವರು ಪಂಚರ ಸಹಿ.

ಮೂರನೇ ವಾರ

ಆ ವಾರ ಒಂದೂ ಲಕೋಟೆ ಬಂದಿರಲಿಲ್ಲ. ಭಾಲ್ಕಿಯ ಬಸ್ಸಿನಲ್ಲಿ ಕೂತು, ಒಗಟೇ ತಪ್ಪಿದೆಯೇನೋ ಎಂದು ಮತ್ತೆ ಮತ್ತೆ ನೋಡುತ್ತಿದ್ದೆ. ಪಕ್ಕದಲ್ಲಿ ಸಾಯಗಾಂವಿನ ಒಬ್ಬ ಮುದಿ ಆಯಿ ಕೂತಿದ್ದಳು. ಮಡಿಲಲ್ಲಿ ತೊಗರಿಬೇಳೆಯ ಚೀಲ, ಕಣ್ಣೆಲ್ಲ ನನ್ನ ಕಾಗದದ ಮೇಲೆ.

"ಏನು ನೋಡ್ಲಕತ್ತಿ ಯವ್ವಾ?"

"ಇದು ಒಂದು ಹೊಲ ಅನ್ಕೋ ಆಯಿ. ಒಂಬತ್ತು ಮಂದಿಗೆ ಪಾಲು ಆಗಬೇಕು. ಒಬ್ಬೊಬ್ಬರಿಗೆ ಒಂಬತ್ತು ತುಂಡು, ಎಲ್ಲಾ ಹತ್ತಿಕೊಂಡೇ ಇರಬೇಕು. ಒಂದೇ ನಂಬರಿನವು ಎರಡು ಒಬ್ಬರ ಪಾಲಿಗೆ ಬರಬಾರದು."

ಆಯಿ ನನ್ನ ಪೆನ್ಸಿಲ್ ಕಸಿದುಕೊಂಡಳು. "ಈ ಮೂಲಿ ಹೊಲದಾಕಿ ತನ್ನ ಹೊಲಕ್ಕ ಎಲ್ಲಿಂದ ಹೋಗಬೇಕು? ಈ ಕಡಿ ಏಳು ಅದ, ಅಕಿ ಬಲ್ಲಿ ಮೊದಲೇ ಏಳು ಅದ. ಹಂಗಾದ್ರ ದಾರಿ ಈ ಕಡಿನೇ." ಸರ್ರನೆ ಒಂದು ಗೆರೆ. "ಇವನಿಗೆ ಎಂಟೇ ಆದ್ವು. ಪಾಪ, ಇದೊಂದು ತುಂಡು ಕೊಡೋಣು." ಮತ್ತೊಂದು ಗೆರೆ.

ನಾನು ಒಂದು ಭಾನುವಾರವೆಲ್ಲ ಕೂತು ಹಾಕಿದ್ದ ಗಡಿಯನ್ನು ಆಯಿ ಭಾಲ್ಕಿ ಬರುವಷ್ಟರಲ್ಲಿ ಎಳೆದು ಮುಗಿಸಿದಳು. ಒಂಬತ್ತೂ ಭಾಗ ಸರಿ, ಒಂದು ಗೆರೆಯೂ ಆಚೀಚೆ ಇಲ್ಲ! ಹದಿನೈದು ವರ್ಷದ ಲೈಸೆನ್ಸನ್ನು ಅವಳ ಕೈಗೆ ಕೊಟ್ಟುಬಿಡೋಣ ಎನ್ನಿಸಿತು.

"ಆಯಿ, ಇನ್ನ ಖಾಲಿ ಜಾಗದಾಗ ನಂಬರ್ ತುಂಬು. ಪೇಪರಿನಾಗ ನಿನ್ನ ಹೆಸರು ಹಾಕಸ್ತೇನಿ!"

ಬಸ್ ನಿಂತಿತ್ತು. ಆಯಿ ಬೇಳೆಯ ಚೀಲ ಎತ್ತಿಕೊಂಡು ಎದ್ದಳು. "ಪಾಲು ಮಾಡಿ ಕೊಟ್ಟೀನಿ ಯವ್ವಾ. ಯಾರ್ಯಾರು ಏನೇನು ಬಿತ್ತತಾರೋ, ಅದು ಅವರವರ ಖುಷಿ."

ನಾಲ್ಕನೇ ವಾರ

ಗಡುವು ಶುಕ್ರವಾರ ಸಂಜೆ ಐದಕ್ಕೆ. ನಾಲ್ಕೂವರೆಗೇ ಹೋಗಿ ಸಂಪಾದಕರ ಎದುರು ಕೂತೆ. ಲಕೋಟೆ ಬಂದಿರಲಿಲ್ಲ. ಸಂಪಾದಕರು ಒಳ್ಳೆಯವರು, ನನ್ನ ಮುಖ ನೋಡದೆ ಗೋಡೆಯ ಗಡಿಯಾರ ನೋಡುತ್ತಿದ್ದರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಮೇಡಂ. ಭಾಳ ಶಾಣ್ಯಾ ಒಗಟು, ನಮ್ಮ ಮಂದಿಗೆ ಪುರಸೊತ್ತಿಲ್ಲ. ಜ್ಯೋತಿಷಿಗಳು ಭವಿಷ್ಯ ತೊಗೊಂಡು ಇನ್ನೇನು ಬರ್ತಾರ."

ಐದಕ್ಕೆ ಹತ್ತು ನಿಮಿಷ ಇರುವಾಗ ಹೊರಗೆ ಆಟೋ ನಿಂತಿತು. ಜ್ಯೋತಿಷಿಗಳು ಬಂದೇಬಿಟ್ಟರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು, ಕಣ್ಣು ಕೆಂಪಗಿದ್ದವು, ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ. ನನ್ನ ಕಥೆ ಮುಗಿಯಿತು ಎಂದು ಬ್ಯಾಗು ಎತ್ತಿಕೊಂಡೆ.

ಅವರು ಕಾಗದವನ್ನು ಮೇಜಿನ ಮೇಲೆ ಬಿಡಿಸಿ ಅಂಗೈಯಿಂದ ಒತ್ತಿದರು. ನನ್ನ ಒಗಟು! ಎಂಬತ್ತೊಂದು ಚೌಕವೂ ತುಂಬಿತ್ತು. ಕೆಂಪು ಶಾಯಿಯಲ್ಲಿ ಎಳೆದ ಒಂಬತ್ತು ಭಾಗಗಳಿಗೆ ರವಿ, ಚಂದ್ರ, ಕುಜ ಎಂದು ನವಗ್ರಹಗಳ ಹೆಸರೂ ಇತ್ತು.

"ಮೂರು ದಿನ ಸುಮ್ನೆ ಹಾಳಾದ್ವು ನೋಡ್ರಿ," ಎಂದು ಕುರ್ಚಿಯಲ್ಲಿ ಕುಸಿದರು. "ರಾಹು ಕೇತು ಎದುರುಬದುರು ಇರಲೇಬೇಕಂತ ಹಟ ಹಿಡದಿದ್ದೆ. ನಿನ್ನಿ ಇಬ್ಬರಿಗೂ ಕೈಮುಗದು ಬಾಜೂಬಾಜೂ ಕುಂಡ್ರಿಸಿದೆ. ಪಟಪಟ ಬಿಚ್ಚಿತು!"

ಬ್ಯಾಗಿನಿಂದ ನನ್ನ ಉತ್ತರ ತೆಗೆದು ತಾಳೆ ನೋಡಿದೆ. ಅಡ್ಡಸಾಲು ಸರಿ, ಉದ್ದಸಾಲು ಸರಿ. ರಾಹುವಿನ ಗಡಿ ಸರಿ, ಕೇತುವಿನ ಗಡಿ ಸರಿ. ಶನಿ ಕೂಡ ತನ್ನ ಒಂಬತ್ತು ಚೌಕದೊಳಗೇ ತೆಪ್ಪಗಿದ್ದ. "ಪೂರಾ ಬರೋಬ್ಬರಿ ಅದರೀ!" ಎಂದು ನಾನು ಕೂಗಿದ್ದು ರಸ್ತೆಗೆ ಕೇಳಿಸಿತೋ ಏನೋ, ಆಟೋದವನು ಒಳಗೆ ಇಣುಕಿದ. ಅಂಥ ಸಂತೋಷ ನನಗೆ ಲೈಸೆನ್ಸ್ ಸಿಕ್ಕ ದಿನವೂ ಆಗಿರಲಿಲ್ಲ.

ಸಂಪಾದಕರು ಮಾತ್ರ ಕಕ್ಕಾಬಿಕ್ಕಿಯಾಗಿ ಕೇಳಿದರು, "ಸ್ವಾಮಿಗಳೇ, ಮತ್ತ ಭವಿಷ್ಯ?"

"ಭವಿಷ್ಯ ಬರ್ಯಾಕ ಟೈಮ್ ಎಲ್ಲಿತ್ರಿ?"

"ಒಬ್ಬರು ಇದನ್ನ ಬಿಡಿಸಿದ್ರೂ ನಿಮ್ಮ ಜಾಗ ಹೋಗ್ತದಂತ ನಾನೇ ಹೇಳಿದ್ನಲ್ರಿ! ಆರು ತಿಂಗಳು ಬೆನ್ನು ಹತ್ತಿದ್ರಿ. ಕೈಗೆ ಬಂದಿದ್ದು ನೀವೇ ಕಳ್ಕೊಂಡ್ರಿ. ಯಾಕ ಬಿಡಿಸಿದ್ರಿ?"

ಜ್ಯೋತಿಷಿಗಳು ಎದ್ದು ನಿಂತರು. ಕುಂಭಮೇಳದಲ್ಲಿ ಮಿಂದು ಬಂದವರ ಹಾಗೆ ಮುಖ ಹೊಳೆಯುತ್ತಿತ್ತು.

"ಹರಾ ಹರಾ! ಕಡೀಗಿ ಒಂದೇ ಚೌಕ ಉಳದಿತ್ರಿ! ಅದನ್ನ ಹ್ಯಾಂಗ ಬಿಡಲಿ?"