ಎಮ್ಮೆಯ ಹಂಗಿಲ್ಲದ ಗಿಣ್ಣ

ಆ ದಿನ ಹಾನಗಲ್ಲಿನ ಅಡುಗೆಮನೆಯಲ್ಲಿದ್ದವರು ಮೂವರು: ಹಿರೇಕೆರೂರಿನಿಂದ ಮೊದಲ ಬಸ್ಸಿಗೆ ಬಂದಿಳಿದ ನಾನು, ಸೊಂಟಕ್ಕೆ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತ ನನ್ನ ಸೋದರತ್ತೆ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತ ಅವಳ ಗಂಡ, ಅಂದರೆ ನನ್ನ ಮಾವ. ಮೂಲೆಯಲ್ಲಿ ಒಂದು ಫ್ರಿಜ್ಜೂ ಇತ್ತು. ಆದರೆ ಆ ಮನೆಯಲ್ಲಿ ಅದು ಬರೀ ಕಪಾಟು. ಒಳಗೆ ಕರೆಂಟು ಬಿಲ್ಲು, ಚಹಾಪುಡಿ, ಅತ್ತೆಯ ಹೊಸ ಬಳೆ ಎಲ್ಲ ಇರುತ್ತವೆ, ತಂಪೊಂದು ಇರುವುದಿಲ್ಲ. ಅದರ ವೈರನ್ನು ಅತ್ತೆ ಕಿತ್ತು, ಅಂದವಾಗಿ ಸುತ್ತಿಟ್ಟಿದ್ದಾಳೆ!

ನನ್ನ ಅತ್ತೆಗೆ ಈ ಲೋಕದಲ್ಲಿರುವ ವೈರಿ ಒಂದೇ, ತಣ್ಣಗಿನ ಪದಾರ್ಥ. ತಣ್ಣಗಿದ್ದದ್ದೆಲ್ಲ ತಂಗಳು, ತಂಗಳು ಬಡಿಸಿದರೆ ಎದುರಿಗೆ ಕುಳಿತವರ ಮರ್ಯಾದೆ ತೆಗೆದಂತೆ. ಮಜ್ಜಿಗೆಯನ್ನೂ ಬೆಚ್ಚಗೆ ಮಾಡಿ ಕೊಡುವ ಹೆಂಗಸನ್ನು ನೀವು ನೋಡಿದ್ದೀರಾ? ಕಲ್ಲಂಗಡಿಯನ್ನು ಬಿಸಿಲಿಗಿಟ್ಟು ಕೊಯ್ಯುವವಳನ್ನು? ನಾನು ನೋಡಿದ್ದೇನೆ, ತಿಂದೂ ಬದುಕಿದ್ದೇನೆ!

ಸವಣೂರಿನಿಂದ ಬೀಗರು ಬಂದಾಗ ಮಾವಿನ ಸೀಕರಣೆಯನ್ನೇ ಕುದಿಸಿಬಿಟ್ಟಳು. ಬೀಗರು ಮತ್ತೊಮ್ಮೆ ಹಾಕಿಸಿಕೊಂಡು, "ಹುಗ್ಗಿ ಭಾಳ ಛಲೋ ಆಗೇತ್ರೀ" ಎಂದರು. ಮರ್ಯಾದೆಗೋ ಹಸಿವಿಗೋ, ಇವತ್ತಿಗೂ ಗೊತ್ತಾಗಿಲ್ಲ. ಹತ್ತಿಮತ್ತೂರಿನ ಮದುವೆಯಲ್ಲಂತೂ ಐಸ್‌ಕ್ರೀಮಿನ ಮೇಲೆ ಸುಡುಸುಡು ಚಹಾ ಸುರಿದುಕೊಂಡು, "ಈಗ ನೋಡು, ಮನಷ್ಯಾರು ತಿನ್ನೂವಂಗಾತು!" ಎಂದಳು. ಪಕ್ಕದಲ್ಲಿ ಕುಳಿತಿದ್ದ ನಾನು ಅವಳ ಪರಿಚಯವೇ ಇಲ್ಲದವಳಂತೆ ಮಂಟಪದ ಹೂವು ನೋಡುತ್ತಿದ್ದೆ.

ಇಂಥವಳ ಗಂಡನಿಗೇ ಗಂಟಲಲ್ಲಿ ಗಂಟಾಗಬೇಕೆ? ಹುಬ್ಬಳ್ಳಿಯಲ್ಲಿ ತೆಗೆದರು. ಕೆಟ್ಟದ್ದಲ್ಲ ಎಂದರು, ನಾವೆಲ್ಲ ಉಸಿರು ಬಿಟ್ಟೆವು. ಆದರೆ ಗಾಯ ಮಾಯುವ ತನಕ ಬಿಸಿ ಬೇಡ, ಖಾರ ಬೇಡ. ಹಾಲಂತೂ ಮಾವನ ಹೊಟ್ಟೆಗೆ ಮೊದಲಿನಿಂದಲೂ ಆಗದು. ಬಿಸಿ ರೊಟ್ಟಿ, ಕೆಂಪು ಖಾರದ ಮನುಷ್ಯ; ಗಂಜಿ ಕಂಡರೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಅಂಗಿ ಸಡಿಲಾಗುತ್ತ ಬಂತು. "ಮುಂದಿನ ಸಲ ಬರೂದ್ರೊಳಗ ತೂಕ ಏರ್ಲಿಲ್ಲಂದ್ರ, ಮೂಗಿನಾಗ ನಳಿಗಿ ಹಾಕಬೇಕಾಗ್ತೈತಿ" ಎಂದರು ಡಾಕ್ಟರು. ಅದನ್ನು ಕೇಳಿದಂದಿನಿಂದ ಅತ್ತೆ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಜಪಾನಿನವರು ಸೋಯಾ ಹಾಲನ್ನು ಹೆಪ್ಪುಗಟ್ಟಿಸಿ ತಣ್ಣಗೆ ತಿನ್ನುವುದನ್ನು ನಾನು ಫೋನಿನಲ್ಲಿ ನೋಡಿದ್ದೆ. ನಮ್ಮ ಗಿಣ್ಣದ ಹಾಗೆಯೇ, ಆದರೆ ಎಮ್ಮೆಯ ಹಂಗಿಲ್ಲ. ಎಷ್ಟು ಮೆತ್ತಗೆಂದರೆ ಇಳಿಯುವ ಮುನ್ನ ಗಂಟಲಿನ ಅಪ್ಪಣೆ ಕೇಳಬೇಕಾಗಿಲ್ಲ! ಸೋಯಾ ಅತ್ತೆಯ ಹೊಲದಲ್ಲೇ ಚೀಲಗಟ್ಟಲೆ ಬೆಳೆಯುತ್ತದೆ. ಹಿಂದಿನ ದಿನವೇ ಫೋನ್ ಮಾಡಿ ಕಾಳು ನೆನೆಸಿಡಿಸಿದ್ದೆ.

"ಏ ಹುಚ್ಚಿ, ಅದು ಎಣ್ಣಿ ಮಿಲ್ಲಿಗೆ ಹೋಗೂ ಕಾಳು! ಮನಷ್ಯಾರು ತಿಂತಾರೇನ?"

"ಜಪಾನದವ್ರು ತಿಂತಾರ, ಅತ್ತಿ."

"ಅವ್ರಿಗೆ ಜ್ವಾಳ ಸಿಕ್ಕಿರಾಕಿಲ್ಲ, ಪಾಪ."

ಕಾಳು ತಿಕ್ಕಿ ಸಿಪ್ಪೆ ತೆಗೆದೆ. ರುಬ್ಬಿ, ಮಾವನ ಹಳೆಯ ಧೋತರದಲ್ಲಿ ಹಿಂಡಿ, ಹಸಿವಾಸನೆ ಹೋಗುವವರೆಗೆ ಕುದಿಸಿದೆ. ಹೆಪ್ಪುಗಟ್ಟಲೆಂದು ಚೈನಾ ಗ್ರಾಸ್ ಎಂಬ ಬಿಳಿ ಎಳೆಗಳನ್ನು ಕರಗಿಸಿ ಬೆರೆಸಿದೆ. ಫ್ರಿಜ್ಜಿನಿಂದ ಬಳೆಗಳನ್ನು ಹೊರಗೆ ಕಳಿಸಿ, ವೈರು ಹಚ್ಚಿ, ಬಟ್ಟಲುಗಳನ್ನು ಒಳಗಿಟ್ಟು, ಕರಿಬೆಲ್ಲ ತರಲು ಪೇಟೆಗೆ ಹೋದೆ.

ತಿರುಗಿ ಬಂದರೆ ಮಾವ ಗಂಟಲು ಹಿಡಿದುಕೊಂಡು ಕುಳಿತಿದ್ದಾರೆ, ಕಣ್ಣಲ್ಲಿ ನೀರು! ಮುಂದೆ ಹೊಗೆಯಾಡುವ ಬಟ್ಟಲು. ಗಟ್ಟಿಯಾಗಿದ್ದದ್ದನ್ನೆಲ್ಲ ಅತ್ತೆ ಮತ್ತೆ ಒಲೆಗಿಟ್ಟು ಕುದಿಸಿದ್ದಳು.

"ಅತ್ತಿ, ಏನ್ ಮಾಡಿದಿ ಇದು!"

"ಮತ್ತ, ಗಂಡಗ ತಂಗಳ ಹಾಕ್ಲೇನ? ನಾನೇನ..." ಎಂದವಳು ಮಾವನ ಮುಖ ನೋಡಿ ಅರ್ಧಕ್ಕೇ ನಿಂತಳು.

ಪುಣ್ಯಕ್ಕೆ ಚೈನಾ ಗ್ರಾಸ್ ಸಿಟ್ಟು ಇಟ್ಟುಕೊಳ್ಳುವುದಿಲ್ಲ. ಆರಿದರೆ ಮತ್ತೆ ಹೆಪ್ಪುಗಟ್ಟುತ್ತದೆ. ಪಾತ್ರೆಯಲ್ಲಿ ಉಳಿದದ್ದನ್ನು ಬಟ್ಟಲಿಗೆ ಸುರಿದು ಪುನಃ ಒಳಗಿಟ್ಟೆ. ಈ ಸಲ ಅತ್ತೆಯೇ ಫ್ರಿಜ್ಜಿನ ಮುಂದೆ ಮಣೆ ಹಾಕಿ ಕುಳಿತಳು. ಗಳಿಗೆಗೊಮ್ಮೆ ಬಾಗಿಲು ತೆರೆಯುವುದು, ಬೆರಳಿಟ್ಟು ನೋಡುವುದು, "ಸುಡಗಾಡ ಮಿಷನ್, ಇನ್ನೂ ಬೆಚ್ಚಗೈತಿ!" ಎಂದು ಬೈಯುವುದು. ತಣ್ಣಗಾಗಲಿಲ್ಲವೆಂದು ಅತ್ತೆ ದೂರಿದ್ದು ಜನ್ಮದಲ್ಲಿ ಅದೇ ಮೊದಲು!

ಸಂಜೆ ಬಟ್ಟಲು ಹೊರಗೆ ಬಂತು. ತುಳುಕದೆ ಅಲುಗುವ ಬಿಳಿ ಗಿಣ್ಣ, ಮೇಲೆ ಆರಿಸಿದ ಬೆಲ್ಲದ ಪಾಕ. ಅತ್ತೆ ಒಂದು ಚಮಚ ತೆಗೆದಳು, ತಣ್ಣಗಿದ್ದದ್ದನ್ನೇ ಉಫ್ ಉಫ್ ಎಂದು ಊದಿದಳು, ಮಾವನ ಬಾಯಿಗಿಟ್ಟಳು.

ಮಾವ ನುಂಗಿದರು. ಮುಖ ಕಿವುಚಲಿಲ್ಲ. ಇನ್ನೊಂದು ಚಮಚ. ಮತ್ತೊಂದು.

"ರುಚಿ ಹೆಂಗೈತ್ರೀ?" ಎಂದಳು ಅತ್ತೆ.

"ರುಚೀನ ಇಲ್ಲ" ಎಂದರು ಮಾವ ಪಿಸುದನಿಯಲ್ಲಿ. ಖಾಲಿ ಬಟ್ಟಲನ್ನು ಮುಂದೆ ಚಾಚಿ, "ಹಾಕು" ಎಂದರು.

ಮುಂದೆ ದಿನವೂ ಅದೇ ನಡೆಯಿತು. ಹುಬ್ಬಳ್ಳಿಗೆ ಹೋಗುವ ದಿನ ನಾನೂ ಜೊತೆಗೆ ಹೋದೆ. ಡಾಕ್ಟರು ಮಾವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಬಗ್ಗಿ ಮುಳ್ಳು ನೋಡಿದರು, "ನಳಿಗಿ ಬ್ಯಾಡ" ಎಂದರು.

ಬಸ್ಸು ಹತ್ತಿ ಕುಳಿತ ಅತ್ತೆ ಗೊಟಗೋಡಿ ಬರುವ ಮೊದಲೇ ಮಾವನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಶಿಗ್ಗಾಂವಿಯಲ್ಲಿ ಹತ್ತಿದವರ ಟಿಕೆಟಿಗಾಗಿ ಕಂಡಕ್ಟರು ಜೋರಾಗಿ ಕೂಗುತ್ತ ಬಂದ. ಮಾವ ಕೈ ಎತ್ತಿ ತಡೆದರು.

"ಸಣ್ಣಗ ಮಾತಾಡೋ ತಮ್ಮಾ" ಎಂದರು. "ಮಲಗ್ಯಾಳ."