ಒಳ್ಳೆಯ ಬ್ಯಾಕ್ಟೀರಿಯಾದ ಮೇಲೆ ಮಾವನ ಅನುಮಾನ

ನಮ್ಮ ಸೋದರಮಾವ ಕೆಟ್ಟವರನ್ನಾದರೂ ಸಹಿಸಿಕೊಂಡಾರು. ಒಳ್ಳೆಯವರೆಂದರೆ ಅವರಿಗೆ ಆಗುವುದಿಲ್ಲ! ಅದಕ್ಕೆ ಸಂಬಳ ಬೇರೆ ಬರುತ್ತದೆ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಶುಂಠಿಯ ಕೊಳೆರೋಗ ತಡೆಯುವ ಬ್ಯಾಕ್ಟೀರಿಯಾದ ಪುಡಿ ತಯಾರಾಗುತ್ತದೆ. ಗಿಡಕ್ಕೆ ಒಳ್ಳೆಯದು, ಸರಿ. ಮೀನಿಗೆ? ಎರೆಹುಳಕ್ಕೆ? ಮನುಷ್ಯನಿಗೆ? ಅದನ್ನೆಲ್ಲ ಪರೀಕ್ಷಿಸಿ ಸಹಿ ಹಾಕುವುದು ಮಾವನ ಕೆಲಸ.

ಮುಖ್ಯ ಪರೀಕ್ಷೆ ಸರಳ. ಹೊಲದ ತಂಪಿನಲ್ಲಿ ಸಾಧುವಾಗಿರುವ ಬ್ಯಾಕ್ಟೀರಿಯಾವನ್ನು ನಮ್ಮ ಮೈಬಿಸಿಯಷ್ಟೇ ಶಾಖವಿರುವ ಪೆಟ್ಟಿಗೆಯಲ್ಲಿಡುತ್ತಾರೆ. ಬೆಳೆಯದಿದ್ದರೆ ಪಾಸು. ಬೆಳೆದರೆ, ನಮ್ಮೊಳಗೂ ಬೆಳೆದೀತೆಂಬ ಅನುಮಾನ.

ಈ ಪರೀಕ್ಷೆ ಪೀಣ್ಯದಲ್ಲೇ ನಿಲ್ಲಬೇಕಿತ್ತು. ನನ್ನ ತಂಗಿಯನ್ನು ನೋಡಲು ಬಂದ ಹುಡುಗ ಬಹಳ ಸೌಮ್ಯನೆಂದು ಎಲ್ಲರೂ ಹೊಗಳುತ್ತಿದ್ದಾಗ ಮಾವ, "ತಣ್ಣಗಿದ್ದಾಗ ಎಲ್ಲಾರೂ ಒಳ್ಳೆಯವ್ರೇ. ಬಿಸಿಯಾದ್ರೆ ಏನ್ಮಾಡ್ತೀಯಪ್ಪ?" ಎಂದರು. ಹುಡುಗ ಬೆವರೊರೆಸಿಕೊಂಡು, "ಕೂಗಾಡ್ತೀನಿ ಸಾರ್" ಎಂದ. ಮದುವೆಗೆ ಮೊದಲ ಒಪ್ಪಿಗೆ ಮಾವನದೇ!

ಪರೀಕ್ಷೆಗೆಂದು ಲ್ಯಾಬಿನಲ್ಲಿ ಸಾಕಿದ ಮೀನುಗಳ ಯೋಗಕ್ಷೇಮವನ್ನು ಅವರು ದಿನವೂ ವಿಚಾರಿಸುತ್ತಾರೆ. ತನ್ನನ್ನು ಒಂದು ದಿನವೂ ಹಾಗೆ ಕೇಳಿಲ್ಲವೆಂದು ಅತ್ತೆಯ ತಕರಾರು. ನಿನಗೆ ಬಾಯಿದೆ, ಮೀನಿಗೆಲ್ಲಿದೆ ಎಂಬುದು ಮಾವನ ಸಮರ್ಥನೆ.

ಕಳೆದ ಮುಂಗಾರಿನಲ್ಲಿ ಪುಡಿಯ ಲಾರಿ ತುಂಬಿ ನಿಂತಿತ್ತು. ಅಂದೇ ಬಿಸಿ ಪೆಟ್ಟಿಗೆಯೊಳಗಿನ ಗಾಜಿನ ತಟ್ಟೆಯಲ್ಲಿ ಮೂರು ಬಿಳಿ ಚುಕ್ಕೆ ಎದ್ದವು. ಮೂರೇ! ಒಂದು ವಾರ ಕೊಡಿ, ಮತ್ತೆ ಪರೀಕ್ಷಿಸುತ್ತೇನೆ ಎಂದರು ಮಾವ. ರೈತರು ಕಾಯುತ್ತಿದ್ದಾರೆ, ಗ್ಲೌಸ್ ಹಾಕಿಕೊಳ್ಳಿ ಎಂದು ಪ್ಯಾಕೆಟ್ಟಿನ ಮೇಲೇ ಅಚ್ಚಾಗಿದೆ ಎಂದರು ಮಾಲೀಕರು. ಕೊನೆಗೆ, ಸಹಿ ಹಾಕದಿದ್ದರೆ ನಾಳೆಯಿಂದ ಬರಬೇಡಿ ಎಂದೂ ಆಯಿತು. ಮಾವ ಪೆನ್ನು ಜೇಬಿಗಿಟ್ಟು ಮನೆಗೆಂದು ಚಿಕ್ಕಬಾಣಾವರದ ಬಸ್ಸು ಹತ್ತಿದರು.

ಸುದ್ದಿ ತಿಳಿದು ಸಂಜೆ ಅವರ ಮನೆಗೆ ಹೋದೆ. ವರದಿಗಾರನ ಚಟ, ಆ ಚುಕ್ಕೆಗಳಿಂದ ಅಪಾಯ ಖಚಿತವೇ ಎಂದು ಕೇಳಿದೆ.

"ಗೊತ್ತಿಲ್ಲ ಕಣೋ. ಅದಕ್ಕೇ ಸಹಿ ಹಾಕ್ಲಿಲ್ಲ."

ಅಂಗಳದಲ್ಲಿ ಅತ್ತೆ ಮೆಣಸಿನ ಗಿಡಗಳಿಗೆಂದು ಅದೇ ಕಾರ್ಖಾನೆಯ, ಹಿಂದೆಯೇ ಪಾಸಾದ ಹಳೆಯ ಪುಡಿಯನ್ನು ಸಗಣಿಗೊಬ್ಬರಕ್ಕೆ ಬರಿಗೈಯಲ್ಲಿ ಕಲಸುತ್ತಿದ್ದರು. ಅವರಿಗೆ ಓದು ಬರದು. ಮಾವ ಚೊಂಬಿನಲ್ಲಿ ನೀರು ತಂದು, ಅವರೆದುರು ಕುಕ್ಕರಗಾಲಲ್ಲಿ ಕೂತು, ಆ ಕೈ ತೊಳೆದು ನನ್ನ ಕಡೆ ತಿರುಗಿಸಿದರು. ಬೆರಳ ತುಂಬ ಬಿರುಕು, ಕುಡುಗೋಲಿನ ಗಾಯ.

"ನೋಡು, ಬೆರೆಸೋದು ಇಂಥ ಕೈಗಳು."

ಒಳಗೆ ಮಾವನ ಫೋನು ಹೊಡೆದುಕೊಂಡಿತು. ನಾನೇ ಎತ್ತಿದೆ. ಲಾರಿಯಿಂದ ಮಾಲು ಇಳಿಸಿದ್ದೇವೆ, ಮರುಪರೀಕ್ಷೆಗೆ ನಾಳೆ ಬರಲು ಹೇಳಿ ಎಂದರು ಮಾಲೀಕರು. ಹೊರಬಂದು ಹೇಳಿದೆ. ಮಾವ ಹೂಂಗುಟ್ಟಿದರು, ತಲೆಯೆತ್ತಲಿಲ್ಲ. ಪಂಚೆಯ ತುದಿಯಿಂದ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದರು.